ಶರಣ ಸತಿಯಾದವನು ಮನೆಯಲ್ಲಿ ಪತಿಯಾಗಬಹುದೆ?

'ಶರಣ ಸತಿ, ಲಿಂಗ ಪತಿ' ಎಂಬುದು ಲಿಂಗಾಯತ ಮನೆಗಳಲ್ಲಿ ಎಳವೆಯಿಂದಲೇ ಕಿವಿಗೆ ಬೀಳುವ ಮಾತು. ಶ್ರಾವಣಮಾಸದ ಪ್ರವಚನಗಳಲ್ಲಿ, ಬಸವ ಜಯಂತಿಯ ವೇದಿಕೆಗಳಲ್ಲಿ, ಶಿವಾನುಭವ ಗೋಷ್ಠಿಗಳಲ್ಲಿ ಅದು ಮತ್ತೆ ಮತ್ತೆ ಕೇಳಿಬರುತ್ತದೆ. ಕೇಳಿದವರು ತಲೆದೂಗುತ್ತಾರೆ. ಹಿರಿಯರು ಕಣ್ಣುಮುಚ್ಚಿ ಕೈಮುಗಿಯುತ್ತಾರೆ. ಆದರೆ ಬಹಳ ಸಲ ಕೇಳಿದ ಮಾತಿಗೆ ಒಂದು ಅಪಾಯವಿರುತ್ತದೆ. ಅದರ ಇಂಪು ಕಿವಿಯಲ್ಲಿ ನಿಲ್ಲುತ್ತದೆ, ಅದರ ಅರ್ಥ ಮನೆಯ ಹೊಸ್ತಿಲನ್ನು ದಾಟುವುದಿಲ್ಲ. ಈ ಮಾತನ್ನು ಒಪ್ಪಿದ ಪುರುಷಭಕ್ತನೊಬ್ಬನು ಲಿಂಗದ ಮುಂದೆ ತಾನು ಸತಿಯೆಂದು ಒಪ್ಪಿಕೊಂಡಿದ್ದಾನೆ. ಹಾಗೆ ಒಪ್ಪಿಕೊಂಡವನು ಪೂಜೆ ಮುಗಿಸಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಾಗ ಯಾರಾಗಿ ನಿಲ್ಲಬೇಕು? ಒಡೆಯನಾಗಿಯೆ, ಇಲ್ಲವೆ ಇನ್ನೊಬ್ಬ ಶರಣೆಯ ಜೊತೆಗಾರನಾಗಿಯೆ? ಸ್ತ್ರೀಪುರುಷರ ಸಂಬಂಧವನ್ನು ಕುರಿತು ಶರಣಧರ್ಮ ಹೇಳುವ ಮಾತೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಸತಿಪತಿಭಾವದ ವಚನಗಳೆಂದೊಡನೆ ಉರಿಲಿಂಗದೇವರ ಹಾಗೂ ಗಜೇಶ ಮಸಣಯ್ಯನವರ ಹೆಸರುಗಳು ನೆನಪಾಗುತ್ತವೆ. ಇವರಿಬ್ಬರೂ ಪುರುಷರು. ಆದರೂ ಲಿಂಗವನ್ನು ನಲ್ಲನೆಂದು ಕರೆದು, ಅವನ ಬರವಿಗಾಗಿ ಕಾತರಿಸುವ, ಅವನು ಅಗಲಿದಾಗ ಸೊರಗುವ ಹೆಣ್ಣಿನ ದನಿಯಲ್ಲಿ ನುಡಿದರು. ಬಸವಣ್ಣನವರೂ ಒಂದೆಡೆ ತಮ್ಮ ಗಂಡುವೇಷವು ಕೂಡಲಸಂಗಮದೇವನಿಗಾಗಿ ತೊಟ್ಟ ಉಡುಗೆ ಮಾತ್ರವೆಂಬಂತೆ, ತಾವು ಒಮ್ಮೆ ಗಂಡಾಗಿಯೂ ಒಮ್ಮೆ ಹೆಣ್ಣಾಗಿಯೂ ಇರುವರೆಂಬಂತೆ ನುಡಿದಿದ್ದಾರೆ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನು ನೋಡಿಕೊಂಡ, ಅಧಿಕಾರದ ಎತ್ತರವನ್ನು ಕಂಡ ಪುರುಷರೊಬ್ಬರು ಹೀಗೆ ನುಡಿದರೆಂಬುದು ಸಣ್ಣ ಸಂಗತಿಯಲ್ಲ. ಗಂಡೆಂಬ ಹೆಮ್ಮೆಯನ್ನು ಕಳಚಿಡದೆ ಲಿಂಗದ ಸಮೀಪಕ್ಕೆ ಹೋಗಲಾಗದೆಂಬುದನ್ನು ಅವರು ಅರಿತಿದ್ದರು.

ಈ ಅರಿವಿನ ಬುಡದಲ್ಲಿ ಇನ್ನೂ ಆಳವಾದ ಒಂದು ಕಾಣ್ಕೆಯಿದೆ. ಜೇಡರ ದಾಸಿಮಯ್ಯನವರು ದೇಹದ ಗುರುತುಗಳನ್ನು ಕಂಡು ಲೋಕವು ಹೆಣ್ಣು ಗಂಡೆಂದು ಹೆಸರಿಡುತ್ತದೆಂದೂ, ಒಳಗೆ ಸುಳಿದಾಡುವ ಆತ್ಮಕ್ಕೆ ಆ ಎರಡು ಹೆಸರುಗಳೂ ಸಲ್ಲವೆಂದೂ ಹೇಳಿದರು. ಧೂಪದ ಗೊಗ್ಗವ್ವೆ ಅದೇ ವಿಚಾರವನ್ನು ಪ್ರಶ್ನೆಯಾಗಿ ತಿರುಗಿಸಿ, ಈ ಇಬ್ಬರಲ್ಲೂ ಇರುವ ಜ್ಞಾನವು ಹೆಣ್ಣೋ ಗಂಡೋ ಎಂದು ಕೇಳಿದಳು. ಸತ್ಯಕ್ಕ ಮತ್ತೂ ಒಂದು ಹೆಜ್ಜೆ ಮುಂದೆ ಹೋದಳು. ಮೈಯ ಗುರುತಿನಿಂದ ಹೆಣ್ಣನ್ನು, ಉಡುಗೆ ಆಯುಧಗಳಿಂದ ಗಂಡನ್ನು ಅಳೆಯುವುದು ಲೋಕದ ರೂಢಿಯೇ ಹೊರತು ಬಲ್ಲವರ ನೀತಿಯಲ್ಲವೆಂಬುದು ಆಕೆಯ ನಿಲುವು. ಒಬ್ಬ ನೇಕಾರ, ಧೂಪದ ಕಾಯಕದ ಒಬ್ಬಾಕೆ, ಕಸ ಗುಡಿಸುವ ಕಾಯಕದ ಇನ್ನೊಬ್ಬಾಕೆ: ಮೂವರ ಬದುಕೂ ಬೇರೆ, ಮಾತಿನ ಬನಿಯೂ ಬೇರೆ, ತೀರ್ಮಾನ ಮಾತ್ರ ಒಂದೇ. ದೇಹದ ಭೇದವನ್ನು ಶರಣರು ಅಲ್ಲಗಳೆಯಲಿಲ್ಲ. ಆ ಭೇದವನ್ನು ಏಣಿಯ ಮೆಟ್ಟಿಲಾಗಿಸಿ ಒಬ್ಬರನ್ನು ಮೇಲೆ, ಒಬ್ಬರನ್ನು ಕೆಳಗೆ ನಿಲ್ಲಿಸುವುದನ್ನು ಒಪ್ಪಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಸತಿಪತಿಭಾವವೆಂಬ ಹೋಲಿಕೆಯೇ ಹೆಣ್ಣನ್ನು ಅಧೀನಳನ್ನಾಗಿ ಕಾಣುವ ಕಾಲದ ಕೂಸಲ್ಲವೆ, ಪತಿಯು ಒಡೆಯ, ಸತಿಯು ಅಡಿಯಾಳು ಎಂಬ ಗ್ರಹಿಕೆಯಿಲ್ಲದೆ ಆ ಹೋಲಿಕೆಗೆ ಅರ್ಥವಾದರೂ ಏನು ಎಂದು ಇಂದಿನ ವಿದ್ಯಾವಂತ ಹೆಣ್ಣುಮಕ್ಕಳು ಕೇಳುತ್ತಾರೆ. ಈ ಪ್ರಶ್ನೆಯನ್ನು ಉದ್ಧಟತನವೆಂದು ತಳ್ಳಿಹಾಕುವುದು ಶರಣರ ರೀತಿಯಲ್ಲ. ಅನುಭವಮಂಟಪವು ನಡೆದದ್ದೇ ಪ್ರಶ್ನೆಗಳಿಂದ. ಹೋಲಿಕೆಯು ಆ ಕಾಲದ ಮನೆಯಿಂದ ಬಂದದ್ದು ನಿಜ. ಅಷ್ಟೇ ಅಲ್ಲ, ವಚನರಾಶಿಯಲ್ಲಿ ಹೆಣ್ಣನ್ನು ಕುರಿತ ಕಟುವಾದ, ಲೋಕರೂಢಿಯ ಮಾತುಗಳೂ ಅಲ್ಲಲ್ಲಿ ಇವೆಯೆಂಬುದನ್ನು ಓದಿದವರೆಲ್ಲ ಬಲ್ಲರು. ಆದರೆ ಶರಣರು ಆ ಹೋಲಿಕೆಯನ್ನು ಎಲ್ಲಿಗೆ ಕೊಂಡೊಯ್ದರೆಂಬುದನ್ನು ನೋಡಬೇಕು. ಅವರು ಸತಿಯ ಸ್ಥಾನದಲ್ಲಿ ಎಲ್ಲರನ್ನೂ ಕೂರಿಸಿದರು: ದಂಡನಾಯಕನನ್ನು, ನೇಕಾರನನ್ನು, ಅಂಬಿಗನನ್ನು, ಮಡಿವಾಳನನ್ನು. ಪತಿಯ ಸ್ಥಾನದಲ್ಲಿ ಲಿಂಗವೊಂದನ್ನೇ ಇಟ್ಟರು. ಆ ಸ್ಥಾನವು ತೆರವಾಗಿಲ್ಲ. ಮನೆಯ ಯಜಮಾನನು ಅಲ್ಲಿ ಹೋಗಿ ಕೂರುವೆನೆಂದರೆ ಲಿಂಗವನ್ನು ಎಬ್ಬಿಸಿ ಕೂರಬೇಕಾಗುತ್ತದೆ.

ಅಕ್ಕಮಹಾದೇವಿಯ ಬಾಳನ್ನು ಈ ಬೆಳಕಿನಲ್ಲಿ ನೋಡಿದರೆ ಅದರ ಅರ್ಥ ಇಮ್ಮಡಿಯಾಗುತ್ತದೆ. ಉಡುತಡಿಯ ಆ ಹೆಣ್ಣುಮಗಳು ಚೆನ್ನಮಲ್ಲಿಕಾರ್ಜುನನೇ ತನ್ನ ಗಂಡನೆಂದು ಸಾರಿದಾಗ, ಲೋಕದ ಗಂಡನ ಅಧಿಕಾರದಿಂದ ಬಿಡುಗಡೆಯಾದಳು. ಅರಮನೆ, ಅರಸ, ಸಂಪತ್ತು ಯಾವುದೂ ಆಕೆಯನ್ನು ಹಿಡಿದಿಡಲಿಲ್ಲ. ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಆಕೆಯನ್ನು ಎಷ್ಟು ತೀಕ್ಷ್ಣವಾಗಿ ಪರೀಕ್ಷಿಸಿದರೆಂಬುದನ್ನು ಶೂನ್ಯಸಂಪಾದನೆ ವಿವರಿಸುತ್ತದೆ. ಆಕೆ ತಲೆತಗ್ಗಿಸದೆ ಉತ್ತರವಿತ್ತಳು. ವಯಸ್ಸಿನಲ್ಲಿ ಹಿರಿಯರಾದ ಶರಣರೂ ಆಕೆಯನ್ನು 'ಅಕ್ಕ' ಎಂದೇ ಕರೆದರು. ಲಿಂಗವನ್ನು ಪತಿಯಾಗಿ ಪಡೆದುದು ಅಕ್ಕನಿಗೆ ಪತಿಯ ಅಂಕೆಯಿಂದ ಬಿಡುಗಡೆಯಾಯಿತು. ಹಾಗಾದರೆ ಅದೇ ಭಾವವನ್ನು ಧರಿಸಿದ ಪುರುಷನಿಗೆ ಯಾವುದರಿಂದ ಬಿಡುಗಡೆಯಾಗಬೇಕು? ತಾನೇ ಪತಿಯೆಂಬ, ತಾನೇ ಒಡೆಯನೆಂಬ ಭ್ರಮೆಯಿಂದ. ಅಕ್ಕನ ಬಿಡುಗಡೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಪುರುಷನ ಪಾಲಿನ ಈ ಬಿಡುಗಡೆಯ ಮಾತು ಮಾತ್ರ ಪ್ರವಚನಗಳಲ್ಲಿ ಅಪರೂಪ.

ಅಕ್ಕನು ವಿರಕ್ತೆ, ಆಕೆಯ ದಾರಿ ಸಂಸಾರಸ್ಥರಿಗೆ ಸಲ್ಲದೆಂದು ಕೆಲವರು ಹೇಳುವುದುಂಟು. ಅವರು ಸಂಸಾರಸ್ಥ ಶರಣದಂಪತಿಗಳನ್ನು ನೋಡಲಿ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದ ಕಡೆಯವರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಆತ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ. ಶಿವಭಕ್ತರಿಗೆ ಈ ಆಸೆ ತಕ್ಕುದಲ್ಲವೆಂದು ತಿಳಿಹೇಳಿ, ಹೆಚ್ಚಿನ ಅಕ್ಕಿಯನ್ನು ಇದ್ದಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಇನ್ನೊಮ್ಮೆ ಅನುಭಾವದ ಮಾತಿನಲ್ಲಿ ಮೈಮರೆತ ಪತಿಗೆ ಕಾಯಕದ ಹೊತ್ತು ಮೀರುತ್ತಿರುವುದನ್ನು ನೆನಪಿಸಿದವಳೂ ಅವಳೇ. ಮಾರಯ್ಯ ಎರಡು ಸಲವೂ ಹೆಂಡತಿಯ ಮಾತನ್ನು ಕೇಳಿದನು. 'ಹೆಂಗಸಿನಿಂದ ಬುದ್ಧಿ ಹೇಳಿಸಿಕೊಳ್ಳಬೇಕೆ' ಎಂಬ ಸಿಟ್ಟು ಅವನಲ್ಲಿ ಎಲ್ಲಿಯೂ ಕಾಣುವುದಿಲ್ಲ. ಲಕ್ಕಮ್ಮನ ಹಿರಿಮೆಯನ್ನು ಕೊಂಡಾಡುವವರು ಮಾರಯ್ಯನ ಈ ಹಿರಿಮೆಯನ್ನೂ ಗಮನಿಸಬೇಕು. ತಿದ್ದುವ ಹೆಂಡತಿ ಎಲ್ಲ ಮನೆಗಳಲ್ಲೂ ಇರಬಹುದು, ತಿದ್ದಿಕೊಳ್ಳುವ ಗಂಡ ಇರಬೇಕಲ್ಲ!

ಮೋಳಿಗೆ ಮಾರಯ್ಯ ಮತ್ತು ಮಹಾದೇವಮ್ಮನವರದೂ ಇದೇ ಬಗೆ. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದು ಕಲ್ಯಾಣದಲ್ಲಿ ಸೌದೆಯ ಹೊರೆ ಮಾರಿ ಬದುಕಿದ ದಂಪತಿಗಳೆಂದು ಪರಂಪರೆ ಅವರನ್ನು ನೆನೆಯುತ್ತದೆ. ಲಿಂಗದಲ್ಲಿ ಬೆರೆಯುವ ಹಂಬಲದಿಂದ ಮಾರಯ್ಯ ಕೈಲಾಸದ ಕಡೆ ಮುಖಮಾಡಿದಾಗ, ಬಯಲು ಬೇರೊಂದೆಡೆ ಇರುವುದೆಂಬುದೇ ಭ್ರಾಂತಿಯೆಂದು ಎಚ್ಚರಿಸಿದವಳು ಮಹಾದೇವಮ್ಮ. ಗಂಡನಿಗೆ ಐಕ್ಯದ ಮರ್ಮವನ್ನು ಹೆಂಡತಿ ಬೋಧಿಸಿದಳು. ಆ ಕ್ಷಣದಲ್ಲಿ ಗುರು ಯಾರು, ಶಿಷ್ಯ ಯಾರು? ಪುರುಷನು ಸದಾ ಬೋಧಿಸುವವನು, ಸ್ತ್ರೀ ಸದಾ ಆಲಿಸುವವಳು ಎಂಬ ನಿಯಮವನ್ನು ಶರಣರ ಮನೆಗಳು ಪಾಲಿಸಲಿಲ್ಲ. ಮೂವತ್ತಕ್ಕೂ ಹೆಚ್ಚು ಶರಣೆಯರು ವಚನಗಳನ್ನು ರಚಿಸಿದರು. ಕರ್ನಾಟಕ ಸರ್ಕಾರವು 1993ರಲ್ಲಿ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯದಲ್ಲಿ ಒಂದು ಇಡಿಯ ಸಂಪುಟವೇ ಶಿವಶರಣೆಯರದು. ನೂಲುವ ಕದಿರ ರೆಮ್ಮವ್ವೆ ರಾಟೆಯ ಒಂದೊಂದು ಭಾಗದಲ್ಲೂ ದೈವವನ್ನು ಕಂಡಳು. ಮನೆಯ ಮೂಲೆಯ ಕೆಲಸವು ಕೀಳೆಂದು ಅವಳಿಗೆ ಅನಿಸಲಿಲ್ಲ, ಯಾರೂ ಅನಿಸಗೊಡಲೂ ಇಲ್ಲ.

ಇದರಿಂದ ಸ್ತ್ರೀಪುರುಷರ ಕೆಲಸಗಳ ಹಂಚಿಕೆಯ ಮಾತಿಗೆ ಬರಬಹುದು. ಹೆರುವವಳು ಹೆಣ್ಣು, ಮೊಲೆಯೂಡುವವಳು ಹೆಣ್ಣು. ಈ ಭೇದ ಸೃಷ್ಟಿಯದು. ಆದರೆ ಅನ್ನ ಬೇಯಿಸುವುದಕ್ಕೂ ಬಟ್ಟೆ ಒಗೆಯುವುದಕ್ಕೂ ಹೆಣ್ಣಿನ ಮೈಯೇ ಆಗಬೇಕೆಂದು ಸೃಷ್ಟಿ ಎಲ್ಲಿಯೂ ಬರೆದಿಲ್ಲ. ಇದಕ್ಕೆ ಸಾಕ್ಷಿ ಹೊರಗೆಲ್ಲೂ ಹುಡುಕಬೇಕಾಗಿಲ್ಲ, ಮಠಗಳ ದಾಸೋಹವೇ ಸಾಕ್ಷಿ. ಜಾತ್ರೆಯ ದಿನಗಳಲ್ಲಿ ಗಂಡಸರು ಸೊಂಟಕ್ಕೆ ಪಂಚೆ ಬಿಗಿದು ಹಂಡೆಗಟ್ಟಲೆ ಅನ್ನ ಬಸಿಯುತ್ತಾರೆ, ತರಕಾರಿ ಹೆಚ್ಚುತ್ತಾರೆ, ಸಾವಿರಾರು ಜನಕ್ಕೆ ಬಡಿಸುತ್ತಾರೆ, ಉಂಡ ಎಲೆಗಳನ್ನು ಎತ್ತುತ್ತಾರೆ, ಪಾತ್ರೆಗಳನ್ನು ಉಜ್ಜುತ್ತಾರೆ. ಅದನ್ನು ಸೇವೆಯೆಂದು, ಪುಣ್ಯವೆಂದು ಭಾವಿಸುತ್ತಾರೆ. ಅದೇ ಭಕ್ತನು ಊರಿಗೆ ಮರಳಿದ ಮೇಲೆ ತಾನು ಉಂಡ ತಟ್ಟೆಯನ್ನು ಎತ್ತಿಡುವುದು ಗಂಡಸುತನಕ್ಕೆ ಕುಂದೆಂದು ಎಣಿಸಿದರೆ, ಮಠದ ಅಡುಗೆಮನೆಗೂ ಮನೆಯ ಅಡುಗೆಮನೆಗೂ ಏನು ವ್ಯತ್ಯಾಸ? ಒಂದೆಡೆ ನೋಡುವವರು ಸಾವಿರ ಮಂದಿ, ಇನ್ನೊಂದೆಡೆ ನೋಡುವವಳು ಹೆಂಡತಿಯೊಬ್ಬಳು, ಇಷ್ಟೆ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಜೋಳದ ರೊಟ್ಟಿಗಳ ರಾಶಿ ಬರುತ್ತದೆ. ಆ ರೊಟ್ಟಿಗಳನ್ನು ತಟ್ಟಿದ ಕೈಗಳು ಬಹುಪಾಲು ಹೆಣ್ಣುಮಕ್ಕಳವು. ಒಲೆಯ ಮುಂದೆ ಕುಳಿತು ಬಡಿದ ಆ ರೊಟ್ಟಿ ಯಾವ ದಾನಿಯ ಚೀಲಕ್ಕೂ ಕಡಿಮೆಯ ಕಾಣಿಕೆಯಲ್ಲ. ಅಡುಗೆ ಕಾಯಕವೇ ಆಗಿದ್ದರೆ ಅದಕ್ಕೆ ಕಾಯಕದ ಎಲ್ಲ ಲಕ್ಷಣಗಳೂ ಸಲ್ಲಬೇಕು. ಕಾಯಕದಲ್ಲಿ ಮೇಲುಕೀಳಿಲ್ಲ. ಕಾಯಕವನ್ನು ಇನ್ನೊಬ್ಬರ ಮೇಲೆ ಹೇರಿ ತಾನು ಸುಮ್ಮನೆ ಕೂರುವಂತಿಲ್ಲ. ಹೊರಗೆ ದುಡಿದು ಬಂದ ಹೆಂಡತಿ ಮತ್ತೆ ಒಳಗೆ ದುಡಿಯುವುದನ್ನು ನೋಡುತ್ತ ದಿನಪತ್ರಿಕೆ ಹಿಡಿದು ಕುಳಿತವನು, ಆ ಹೊತ್ತಿನಲ್ಲಿ, ಕಾಯಕಜೀವಿಯಲ್ಲ.

ಸತಿಪತಿಭಾವವನ್ನು ನಂಬಿದ ಮೇಲೆ ಅದರಿಂದ ಹೊರಡುವ ಇನ್ನೂ ಕೆಲವು ತೀರ್ಮಾನಗಳನ್ನು ತಪ್ಪಿಸಿಕೊಳ್ಳಲಾಗದು. ಮೊದಲನೆಯದು ವೈಧವ್ಯದ ಮಾತು. ಲಿಂಗವೇ ಪತಿಯಾದ ಮೇಲೆ, ಆ ಪತಿಗೆ ಸಾವಿಲ್ಲವಾದ ಮೇಲೆ, ಇಷ್ಟಲಿಂಗವನ್ನು ಧರಿಸಿದ ಹೆಣ್ಣು ವಿಧವೆಯಾಗುವುದು ಹೇಗೆ? ಆಕೆ ನಿತ್ಯಮುತ್ತೈದೆ. ಹೀಗಿದ್ದೂ ಲಿಂಗಾಯತರ ಎಷ್ಟೋ ಮದುವೆಗಳಲ್ಲಿ, ಸೀಮಂತಗಳಲ್ಲಿ, ತೊಟ್ಟಿಲು ತೂಗುವ ಹೊತ್ತಿನಲ್ಲಿ ಗಂಡನನ್ನು ಕಳೆದುಕೊಂಡ ತಾಯಿಯೊಬ್ಬಳು ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ನಿಲ್ಲುವುದನ್ನು ಕಾಣಬಹುದು. ಹೆತ್ತ ಮಗಳ ತಲೆಗೆ ಅಕ್ಷತೆ ಹಾಕಲು ಆಕೆ ಅಂಜುತ್ತಾಳೆ. ಆರತಿಗೆ 'ಸುಮಂಗಲೆಯರು ಬನ್ನಿ' ಎಂಬ ಕರೆ ಬಂದಾಗ ಆಕೆಯ ಮುಖ ಕೆಳಗಾಗುತ್ತದೆ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ ಇದ್ದೂ ಆಕೆಯನ್ನು ಅಮಂಗಳೆಯೆನ್ನುವುದು ಕೇವಲ ಕ್ರೌರ್ಯವಲ್ಲ, ಲಿಂಗದ್ರೋಹ. ತಾಯಿಯ ಕೈ ಹಿಡಿದು ಮಂಟಪದ ಮುಂದಕ್ಕೆ ಕರೆತರುವ ಮಗ ಒಂದು ಪ್ರವಚನಕ್ಕಿಂತ ಹೆಚ್ಚಿನ ಧರ್ಮವನ್ನು ಬೋಧಿಸುತ್ತಾನೆ.

ಎರಡನೆಯದು ಸೂತಕ. ಜನನ, ಜಾತಿ, ಪ್ರೇತ, ರಜಸ್ಸು, ಉಚ್ಛಿಷ್ಟ ಎಂಬ ಐದು ಸೂತಕಗಳನ್ನೂ ಶರಣಧರ್ಮ ಅಲ್ಲಗಳೆದಿದೆ. ಇಷ್ಟಲಿಂಗವು ಮೈಮೇಲಿಂದ ಅಗಲಬಾರದೆಂಬುದು ನಿಯಮ. ತಿಂಗಳ ಆ ಮೂರು ದಿನಗಳಿಗೆ ಈ ನಿಯಮದಲ್ಲಿ ವಿನಾಯಿತಿಯಿಲ್ಲ. ಲಿಂಗವೇ ಮೈಮೇಲೆ ಇರಬಹುದಾದರೆ ಆ ಮೈ ಪೂಜೆಯ ಕೋಣೆಗೆ ಕಾಲಿಡಬಾರದೆಂಬುದು ಯಾವ ತರ್ಕ? ನೆರೆಹೊರೆಯವರ ರೂಢಿಯನ್ನು ನೋಡಿ ಮನೆಯೊಳಗೆ ತಂದುಕೊಂಡ ಈ ಮೈಲಿಗೆಗೆ ವಚನಗಳಲ್ಲಿ ಆಧಾರವಿಲ್ಲ. ಬೆಳೆಯುವ ಹೆಣ್ಣುಮಗುವಿಗೆ 'ಇಂದು ನೀನು ಮುಟ್ಟಬೇಡ' ಎಂದು ಹೇಳುವ ತಾಯಂದಿರು, ತಾವು ಮಗಳಿಗೆ ಕಲಿಸುತ್ತಿರುವುದು ಬಸವಣ್ಣನವರು ಕಳಚಿಹಾಕಿದ ಪಾಠವನ್ನೇ ಎಂದು ಅರಿಯಬೇಕು. ಸೋದರಿ ನಾಗಮ್ಮನಿಗಿಲ್ಲದ ಉಪನಯನ ತಮಗೇಕೆಂದು ಬಾಲಕ ಬಸವಣ್ಣನವರು ಕೇಳಿದರೆಂಬ ಕಥೆಯನ್ನು ಭಕ್ತರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಕಥೆಯನ್ನು ಮಕ್ಕಳಿಗೆ ಹೇಳುವ ಮನೆಯಲ್ಲಿಯೇ ಅಕ್ಕನಿಗೊಂದು ನಿಯಮ, ತಮ್ಮನಿಗೊಂದು ನಿಯಮ ನಡೆದರೆ ಮಕ್ಕಳು ಯಾವುದನ್ನು ನಂಬಬೇಕು?

ಮೂರನೆಯದು ಆಸ್ತಿಯ ಮಾತು. ಇದನ್ನು ಆಧ್ಯಾತ್ಮದ ಚರ್ಚೆಯಲ್ಲಿ ತರಬಾರದೆಂದು ಕೆಲವರಿಗೆ ತೋರಬಹುದು. ಕಾಯಕ ದಾಸೋಹಗಳ ಧರ್ಮದಲ್ಲಿ ಹಣದ ಮಾತು ಹೊರಗಿನದಾಗಲಾರದು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲಿರಬೇಕೆಂದು ಕರ್ನಾಟಕವು 1994ರಲ್ಲಿಯೇ ಕಾನೂನು ತಿದ್ದಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಹಕ್ಕು ಮಗಳಿಗೆ ಹುಟ್ಟಿನಿಂದಲೇ ಬರುವುದೆಂದು ಸ್ಪಷ್ಟಪಡಿಸಿತು. ಆದರೂ ಹಬ್ಬಕ್ಕೆ ಕರೆತಂದ ಅಕ್ಕತಂಗಿಯರನ್ನು ನೋಂದಣಿ ಕಚೇರಿಗೆ ಕರೆದೊಯ್ದು, ಒಂದು ಸೀರೆ ಉಡಿಸಿ, ಹಕ್ಕು ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಿಂತಿಲ್ಲ. 'ತವರು ಬೇಕೋ, ಆಸ್ತಿ ಬೇಕೋ' ಎಂಬ ಪ್ರಶ್ನೆಯ ಮುಂದೆ ಎಷ್ಟೋ ಹೆಣ್ಣುಮಕ್ಕಳು ಕಣ್ಣೀರು ನುಂಗಿ ಸಹಿ ಮಾಡುತ್ತಾರೆ. ಮನಃಪೂರ್ವಕವಾಗಿ ಬಿಟ್ಟುಕೊಡುವುದು ಬೇರೆ, ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಬಿಡುವುದು ಬೇರೆ. ಲಕ್ಕಮ್ಮ ಒಂದು ಹಿಡಿ ಹೆಚ್ಚಿನ ಅಕ್ಕಿಯನ್ನು ಮರಳಿಸಿದಳು. ಸೋದರಿಯ ಪಾಲನ್ನು ಒಳಗಿಟ್ಟುಕೊಂಡು ಮಾಡುವ ದಾಸೋಹವನ್ನು ಆಕೆ ಒಪ್ಪುತ್ತಿದ್ದಳೆ?

ಇಂಥ ಮಾತುಗಳು ಬಂದಾಗ ಕೆಲವರು, ಶರಣಧರ್ಮದಲ್ಲಿ ಹೆಣ್ಣನ್ನು ದೈವವೆಂದೇ ಕಾಣಲಾಗಿದೆ, ಇನ್ನೇನು ಬೇಕು ಎನ್ನುತ್ತಾರೆ. ಸಿದ್ಧರಾಮೇಶ್ವರರು ಹೆಣ್ಣನ್ನು ಸಾಕ್ಷಾತ್ ಕಪಿಲಸಿದ್ಧ ಮಲ್ಲಿಕಾರ್ಜುನನೆಂದೇ ಕರೆದದ್ದು ನಿಜ. ಮಾಯೆಯು ಹೆಣ್ಣಿನಲ್ಲಿಲ್ಲ, ಮನಸ್ಸಿನ ಮುಂದಿರುವ ಆಸೆಯಲ್ಲಿದೆಯೆಂದು ಅಲ್ಲಮಪ್ರಭುಗಳು ಹೇಳಿದ್ದೂ ನಿಜ. ಆದರೆ ದೇವಿಯೆಂದು ಕೈಮುಗಿಯುವುದು ಸುಲಭ, ಸಮಾನಳೆಂದು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಕಷ್ಟ. ಮೂರ್ತಿಯಾದ ದೇವಿಗೆ ದಣಿವಿಲ್ಲ, ಹಸಿವಿಲ್ಲ, ಅಭಿಪ್ರಾಯವೂ ಇಲ್ಲ. ಮನೆಯ ಹೆಣ್ಣಿಗೆ ಈ ಮೂರೂ ಉಂಟು. ಸಂಸ್ಥೆಗಳ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. 1970ರಲ್ಲಿ ಮಾತೆ ಮಹಾದೇವಿಯವರು ಧಾರವಾಡದಲ್ಲಿ ಜಗದ್ಗುರು ಪೀಠವನ್ನೇರಿದಾಗ ಅದು ನಾಡಿಗೇ ಹೊಸತಾಗಿತ್ತು. 2019ರಲ್ಲಿ ಅವರು ಲಿಂಗೈಕ್ಯರಾದರು. ಈ ಅರ್ಧ ಶತಮಾನದಲ್ಲಿ ಅಕ್ಕನ ಬಳಗಗಳು ಊರೂರುಗಳಲ್ಲಿ ವಚನಗಳನ್ನು ಹಾಡಿವೆ, ಓದಿಸಿವೆ, ಉಳಿಸಿವೆ. ಆದರೆ ಲೆಕ್ಕಪತ್ರ ನೋಡುವ, ತೀರ್ಮಾನ ಕೈಗೊಳ್ಳುವ ಸಮಿತಿಗಳ ಪಟ್ಟಿಯಲ್ಲಿ ಅದೇ ತಾಯಂದಿರ ಹೆಸರುಗಳನ್ನು ಬೆರಳೆಣಿಕೆಯಲ್ಲಿ ಹುಡುಕಬೇಕಾಗುತ್ತದೆ. ಹಾಡುವ ಕಂಠಕ್ಕೆ ಮಾತಾಡುವ ಹಕ್ಕೂ ಇರಬೇಕು.

ಹೀಗಾದರೆ ಸಂಸಾರಗಳು ಒಡೆಯುವುವೆಂಬ ಅಂಜಿಕೆ ಹಿರಿಯರಲ್ಲಿ ಇದೆ. ಒಬ್ಬರ ಮಾತು ನಡೆಯದೆ ಮನೆ ನಡೆಯದೆಂದು ಅವರು ನಂಬಿದ್ದಾರೆ. ಮನೆ ಒಡೆಯಬಾರದೆಂಬ ಕಳಕಳಿ ದೊಡ್ಡದು. ಅದನ್ನು ಹಗುರವಾಗಿ ಕಾಣಬಾರದು. ಆದರೆ ಗಂಡಹೆಂಡಿರ ಮನಸ್ಸು ಕೂಡದ ಭಕ್ತಿಯನ್ನು ದಾಸಿಮಯ್ಯನವರು ಅಮೃತಕ್ಕೆ ನಂಜು ಬೆರೆಸಿದುದಕ್ಕೆ ಹೋಲಿಸಿದರೆಂಬುದನ್ನು ನೆನೆಯಬೇಕು. ಆ ವಚನವನ್ನು ಲಗ್ನಪತ್ರಿಕೆಗಳ ಮೇಲೆ ಅಚ್ಚುಹಾಕಿಸುವ ರೂಢಿ ಚೆನ್ನಾಗಿಯೇ ಬೆಳೆದಿದೆ. ಒಂದಾಗುವುದೆಂದರೆ ಒಬ್ಬರು ಸುಮ್ಮನಾಗುವುದೆಂದು ಅದರ ಅರ್ಥವಲ್ಲ. ಒಬ್ಬರು ಸದಾ ನುಂಗಿಕೊಂಡು, ಇನ್ನೊಬ್ಬರು ಸದಾ ನುಡಿಯುತ್ತಿದ್ದರೆ ಹೊರಗೆ ಶಾಂತಿಯಿರಬಹುದು, ಒಳಗೆ ನಂಜು ಕೂಡಿಕೊಳ್ಳುತ್ತದೆ. ಎರಡು ಮನಸ್ಸುಗಳು ಮಾತಾಡಿ ಒಮ್ಮತಕ್ಕೆ ಬಂದ ಮನೆಯೇ ಗಟ್ಟಿ. ದಾಸಿಮಯ್ಯ ದುಗ್ಗಳೆಯರ, ಮಾರಯ್ಯ ಲಕ್ಕಮ್ಮರ ಮನೆಗಳು ಮಾತಿನಿಂದ ಒಡೆಯಲಿಲ್ಲ, ಮಾತಿನಿಂದಲೇ ಬೆಳಗಿದವು.

2024ರಲ್ಲಿ ಕರ್ನಾಟಕ ಸರ್ಕಾರವು ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಭಕ್ತರೆಲ್ಲರಿಗೂ ಹೆಮ್ಮೆಯ ಸಂಗತಿ ಅದು. ಕಚೇರಿಗಳ ಗೋಡೆಗಳ ಮೇಲೆ ಅವರ ಭಾವಚಿತ್ರ ಬಂದಿತು. ಮನೆಯ ಒಳಗೋಡೆಗಳ ನಡುವೆ ಅವರ ತತ್ತ್ವ ಬರಬೇಕಾದುದು ಇನ್ನು ಭಕ್ತರ ಕೈಯಲ್ಲಿದೆ. ಅದಕ್ಕೆ ದೊಡ್ಡ ಸಮಾರಂಭ ಬೇಕಿಲ್ಲ. ಮನೆಯ ಗಂಡು ಹೆಣ್ಣು ಮಕ್ಕಳೆಲ್ಲರಿಗೂ ಒಂದೇ ದಿನ, ಒಂದೇ ಸಾಲಿನಲ್ಲಿ ಕೂರಿಸಿ ಲಿಂಗದೀಕ್ಷೆ ಕೊಡಿಸಲಿ. ಬೆಳಗಿನ ಲಿಂಗಪೂಜೆಗೆ ಗೃಹಿಣಿಗೂ ಅರ್ಧ ಗಂಟೆಯ ಬಿಡುವು ಸಿಗುವಂತೆ ಒಲೆಯ ಕೆಲಸವನ್ನು ಯಜಮಾನನು ನೋಡಿಕೊಳ್ಳಲಿ. ಮನೆಯವರೆಲ್ಲರಿಗೆ ಬಡಿಸಿ ಕಡೆಗೆ ಉಳಿದುದನ್ನು ಉಣ್ಣುವ ತಾಯಿಯನ್ನು ಇಂದು ಮೊದಲ ಪಂಕ್ತಿಯಲ್ಲಿ ಕೂರಿಸಲಿ. ಅಲ್ಲಿ ದಾಸೋಹ ಆರಂಭವಾಗುತ್ತದೆ.

ಅಂಗೈಯಲ್ಲಿ ಲಿಂಗವನ್ನು ಹಿಡಿದು ದೃಷ್ಟಿಯಿಟ್ಟಾಗ ಭಕ್ತನು ಸತಿ. ಆ ಲಿಂಗವನ್ನು ಮತ್ತೆ ಕೊರಳಿಗೆ ಧರಿಸಿ ಎದ್ದಾಗಲೂ ಅವನು ಸತಿಯೇ. ಪೂಜೆಯ ಕೋಣೆಯ ಬಾಗಿಲಲ್ಲಿ ಕಳಚಿಡಬಹುದಾದ ಭಾವ ಅದಲ್ಲ. ಒಂದೇ ಮನೆಯಲ್ಲಿ ಒಬ್ಬ ಪತಿಗೆ ಒಲಿದ ಇಬ್ಬರು ಶರಣರು ಬಾಳುತ್ತಿದ್ದಾರೆಂದು ಗಂಡಹೆಂಡಿರು ಒಬ್ಬರನ್ನೊಬ್ಬರು ಕಾಣಲಿ.